ಎಡಗಡೆಯಿಂದ ಬಂದ ಚೆಂಡು

ಆ ಚಳಿಗಾಲ ಕುವೈತಿನ ನಮ್ಮ ವಾಲಿಬಾಲ್ ಟೀಮಿನಲ್ಲಿ ಹೊಡೆಯುವವರಿಗೆ ಬರವಿರಲಿಲ್ಲ. ಮೊದಲು ನಾನು. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ಸರಿಯಲ್ಲ, ಆದರೂ ಹೇಳುತ್ತೇನೆ: ನಲವತ್ತು ದಾಟಿದ ಮೇಲೂ ನನ್ನ ಹೊಡೆತಕ್ಕೆ ಕೈ ಒಡ್ಡಿದವರು ಆಮೇಲೆ ಸ್ವಲ್ಪ ಹೊತ್ತು ಕೈ ಕೊಡವಿಕೊಳ್ಳುತ್ತಿದ್ದರು. ಇನ್ನೊಬ್ಬ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಕೊಂಕಣಿ ಮಾತಿನವನು. ನೆಟ್ಟಿನ ಮೇಲಿಂದ ಇಣುಕಿದರೆ ಎದುರಿನವರ ಗಂಟಲು ಒಣಗುವಷ್ಟು ಎತ್ತರ. ಮೂರನೆಯವನು ಬಕಾಲಾ ಎನ್ನುವ ಸಣ್ಣ ದಿನಸಿ ಅಂಗಡಿಗಳಿಗೆ ಸಾಮಾನು ಹಾಕುವ ವ್ಯಾನ್ ಓಡಿಸುವ ಬ್ಯಾರಿ ಗೆಳೆಯ. ಆಳು ಗಿಡ್ಡ, ಆದರೆ ಹಾರಿದನೆಂದರೆ ಕೆಳಗೆ ಬರಲು ಮರೆತವನ ಹಾಗೆ ಮೇಲೆಯೇ ಇರುತ್ತಿದ್ದ.

ಮೂವರೂ ಹೊಡೆಯುವವರೇ. ಆದರೆ ಹೊಡೆಯಲು ಚೆಂಡನ್ನು ಯಾರಾದರೂ ನೆಟ್ಟಿನ ಮೇಲೆ ಹದವಾಗಿ ಎತ್ತಿ ಕೊಡಬೇಕಲ್ಲ? ಹಾಗೆ ಕೊಡುವವನನ್ನು ನಾವು ಲಿಫ್ಟರ್ ಎನ್ನುತ್ತೇವೆ. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಹೋಗಿ, ಅಲ್ಲಿಂದ ನಮಗೆ ಬರಬೇಕು. ಅವನು ಸರಿಯಿಲ್ಲದಿದ್ದರೆ ಮೂವರಲ್ಲ, ಮೂವತ್ತು ಮಂದಿ ಹೊಡೆಯುವವರಿದ್ದರೂ ಗಾಳಿಗೆ ಗುದ್ದಿ ಬರಬೇಕಷ್ಟೆ.

ನಮ್ಮಲ್ಲಿ ಲಿಫ್ಟರುಗಳು ಇಬ್ಬರು, ಇಬ್ಬರೂ ಅರ್ಧಂಬರ್ಧ. ಒಬ್ಬ ಅಹ್ಮದಿ ಪೇಟೆಯ ಹೋಟೆಲೊಂದರ ಕ್ಯಾಶಿಯರ್. ಬೆರಳು ಬೆಣ್ಣೆ, ಧೈರ್ಯ ಮಾತ್ರ ಸೊನ್ನೆ. ಯಾರು ಜೋರಾಗಿ ಗದರಿಸುತ್ತಾರೋ ಅವರಿಗೆ ಚೆಂಡು ಕೊಟ್ಟು ಕೈತೊಳೆದುಕೊಳ್ಳುವವನು. ಇನ್ನೊಬ್ಬರು ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದವರು. ಅಂಕೋಲಾ ಕಡೆಯವರು, ತುಳು ಬಾರದು. ಹಾಗಾಗಿ ನಾವು ಅವರೊಡನೆ ಕನ್ನಡವನ್ನೇ ಆಡಿ ಆಡಿ, ಕೊನೆಗೆ ಅವರ ಕನ್ನಡವೂ ಮಂಗಳೂರಿನದೇ ಆಗಿಹೋಗಿತ್ತು. ನಾನು ಕುವೈತಿಗೆ ಬಂದ ಹೊಸತರಲ್ಲಿ ಸಬ್ಹಾನಿನ ಕೆಲಸಗಾರರ ಕ್ಯಾಂಪಿನಲ್ಲಿ ನನಗೆ ಮಂಚ ತೋರಿಸಿ, ಗಂಜಿ ಬಡಿಸಿ, ಆ ಶುಕ್ರವಾರವೇ ವಾಲಿಬಾಲ್ ಕೋರ್ಟಿಗೆ ಎಳೆದುಕೊಂಡು ಹೋದವರು ಅವರು.

ಕೆಲಸದಲ್ಲೂ ನಮ್ಮದು ಜೋಡಿ. ಕಬ್ಬಿಣದ ಪೈಪು ಕೂಡಿಸುವ ಕಂಪೆನಿಯ ಯಾರ್ಡಿನಲ್ಲಿ ನಾನು ಕ್ರೇನ್ ಆಪರೇಟರ್, ಅಣ್ಣ ಕೆಳಗೆ ನಿಂತು ಕೈಯಲ್ಲಿ ಸಿಗ್ನಲ್ ಕೊಡುವವರು. ಕ್ರೇನಿನಲ್ಲಿ ಕೂತವನಿಗೆ ಎಲ್ಲವೂ ಕಾಣುತ್ತದೆ ಎಂದು ಜನ ತಿಳಿದಿದ್ದಾರೆ. ಕಾಣುತ್ತದೆ, ಮಣ್ಣು. ಪೈಪಿನ ರಾಶಿಯ ಆಚೆ, ಕಂಟೇನರಿನ ಹಿಂದೆ ಏನಿದೆ, ಯಾರಿದ್ದಾರೆ ಎಂದು ನನಗೆ ತಿಳಿಯುತ್ತಿದ್ದುದು ಅಣ್ಣನ ಕೈಗಳಿಂದ ಮಾತ್ರ. ಅವರು ಎತ್ತು ಎಂದರೆ ಎತ್ತುವುದು, ನಿಲ್ಲು ಎಂದರೆ ನಿಲ್ಲುವುದು. ಶುಕ್ರವಾರ ಸಂಜೆ ಅವರು ಕೊಟ್ಟ ಚೆಂಡಿಗೆ ಕಣ್ಣುಮುಚ್ಚಿ ಹಾರುತ್ತಿದ್ದೆ, ಉಳಿದ ದಿನ ಅವರ ಕೈ ನೋಡಿ ಟನ್ನುಗಟ್ಟಲೆ ಕಬ್ಬಿಣ ಇಳಿಸುತ್ತಿದ್ದೆ. ಎರಡರಲ್ಲೂ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಊರಿನವರ ಸಂಘಗಳೆಲ್ಲ ಸೇರಿ ನಡೆಸುವ ಟೂರ್ನಮೆಂಟ್ ಹತ್ತಿರ ಬಂದಾಗ ಅಣ್ಣನ ಲಿಫ್ಟು ಕೈಕೊಡಲು ಶುರುವಾಯಿತು. ಬಲಗಡೆಯಿಂದ ಬಂದ ಪಾಸನ್ನು ಮೊದಲಿನ ಹಾಗೆಯೇ ಎತ್ತುತ್ತಿದ್ದರು. ಎಡಗಡೆಯಿಂದ ಬಂದರೆ ಕೈ ತಡವಾಗುತ್ತಿತ್ತು. ಒಮ್ಮೊಮ್ಮೆ ಚೆಂಡು ಬೆರಳಿಗೆ ಸಿಗದೆ ಮುಂಗೈಗೆ ಬಡಿಯುತ್ತಿತ್ತು. ಕೋರ್ಟಿನ ದೀಪ ಹತ್ತಿದ ಮೇಲಂತೂ ಕೇಳುವುದೇ ಬೇಡ. ನಮ್ಮ ಟೀಮಿನಲ್ಲಿ ಪಂಡಿತರಿಗೂ ಬರವಿರಲಿಲ್ಲ. ಬ್ಯಾರಿ ಗೆಳೆಯ ಬೆರಳಿನ ಗಂಟು ಹಿಡಿದಿದೆ ಎಂದು ಎಳ್ಳೆಣ್ಣೆಯ ಬಾಟಲಿ ತಂದುಕೊಟ್ಟ. ಲ್ಯಾಬಿನವನು ವಿಟಮಿನ್ ಮಾತ್ರೆ ತಂದ. ನಾನು ಹೊಸ ಬಣ್ಣದ ಚೆಂಡಿಗೆ ಬೈದೆ. ಅಣ್ಣ ಲೈಟು ಮುಖಕ್ಕೆ ಹೊಡೆಯುತ್ತದೆ ಎಂದಷ್ಟೇ ಹೇಳಿ ಟವೆಲಿನಿಂದ ಮುಖ ಒರೆಸಿಕೊಂಡರು.

ಆಮೇಲೆ ಅವರು ಒಂದು ಹೊಸ ನಿಯಮ ತಂದರು. ಪಾಸ್ ಕೊಡುವವನು ಚೆಂಡು ಮುಟ್ಟುವ ಮೊದಲೇ ಕೂಗಬೇಕು. ಹೊಡೆಯುವವನೂ ತಾನೆಲ್ಲಿದ್ದೇನೆಂದು ಕೂಗಬೇಕು. ನಮಗೆ ಇದು ಭಾರೀ ತಂತ್ರವೆಂದು ಕಂಡಿತು. ಎದುರಿನವರಿಗೆ ನಮ್ಮ ಗಲಾಟೆಯಲ್ಲಿ ಯಾರು ಹಾರುತ್ತಾರೆ ಎಂದೇ ತಿಳಿಯದೆ ತಲೆಕೆಟ್ಟಿತು. ನಾವು ಎರಡು ಮ್ಯಾಚ್ ಗೆದ್ದು ಮೀಸೆ ತಿರುವಿದೆವು. ಇಂಥ ಅಟ್ಯಾಕ್ ಕುವೈತಿನಲ್ಲಿ ಬೇರೆ ಯಾರಿಗುಂಟು ಎಂದು ಊಟದ ಹೊತ್ತಿಗೆ ಬಡಾಯಿ ಕೊಚ್ಚಿದವನು ನಾನೇ. ಕಣ್ಣೆದುರು ಬರುವ ಚೆಂಡಿಗೆ ಅವರಿಗೆ ಸದ್ದು ಯಾಕೆ ಬೇಕು ಎಂದು ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ.

ಫೈನಲಿಗೆ ಎರಡು ದಿನವಿರುವಾಗ ಯಾರ್ಡಿನಲ್ಲಿ ಅದು ನಡೆಯಿತು. ಬುಧವಾರ ಬೆಳಿಗ್ಗೆ, ಗಾಳಿಯಲ್ಲಿ ಸಣ್ಣಗೆ ಧೂಳು. ಪೈಪಿನ ಕಟ್ಟೊಂದನ್ನು ಕಂಟೇನರುಗಳ ಆಚೆಗೆ ಇಳಿಸಬೇಕಿತ್ತು. ಇಳಿಸುವ ಜಾಗ ನನಗೆ ಕಾಣುತ್ತಿರಲಿಲ್ಲ. ಅಣ್ಣ ಕಂಟೇನರಿನ ಮೂಲೆಯಲ್ಲಿ ನಿಂತು ಇಳಿಸು, ಇಳಿಸು ಎಂದು ಕೈಯಾಡಿಸುತ್ತಿದ್ದರು. ಅವರ ಮುಖದಲ್ಲಿ ಗಾಬರಿಯಿಲ್ಲ, ಕೈಯಲ್ಲಿ ಅವಸರವಿಲ್ಲ. ನಾನು ಇಳಿಸುತ್ತಾ ಹೋದೆ. ಒಮ್ಮೆಲೇ ಆಚೆಯಿಂದ ಯಾರೋ ಕಿರುಚಿದ್ದು ಕೇಳಿ ಲಿವರ್ ಬಿಟ್ಟು ಕಟ್ಟನ್ನು ಅಲ್ಲೇ ನಿಲ್ಲಿಸಿದೆ. ಅಣ್ಣನ ಕೈ ಮಾತ್ರ ಇನ್ನೂ ಇಳಿಸು ಎನ್ನುತ್ತಲೇ ಇತ್ತು.

ಇಳಿದು ಓಡಿದೆ. ಅಲ್ಲಿ ನನ್ನದೇ ವಯಸ್ಸಿನ ನೇಪಾಳಿ ಕೆಲಸದವನೊಬ್ಬ ಕಂಟೇನರಿಗೆ ಬೆನ್ನು ಒತ್ತಿಕೊಂಡು ನಿಂತಿದ್ದ. ಅವನ ಎದೆಗೂ ಪೈಪಿಗೂ ನಡುವೆ ಒಂದು ಗೇಣು ಜಾಗ ಇದ್ದರೆ ಹೆಚ್ಚು. ನಮ್ಮ ಈಜಿಪ್ಟಿನ ಫೋರ್ಮನ್ ಬಂದು, ಅಲ್ಲಿ ನಿಲ್ಲಲು ನಿನಗೆ ಹೇಳಿದವರಾರು ಎಂದು ಆ ನೇಪಾಳಿಗೇ ಬಾಯಿಗೆ ಬಂದಂತೆ ಬೈದ. ಅಣ್ಣ ಮರದ ತುಂಡಿನ ಹಾಗೆ ನಿಂತಿದ್ದರು. ನೇಪಾಳಿ ಇದ್ದದ್ದು ಅವರಿಂದ ನಾಲ್ಕು ಮಾರು ದೂರದಲ್ಲಿ, ಎಡಗಡೆಗೆ. ಕೋರ್ಟಿನಲ್ಲಿ ತಪ್ಪಿದ ಅಷ್ಟೂ ಚೆಂಡು ಎಡಗಡೆಯಿಂದ ಬಂದವು ಎಂದು ನನಗೆ ಹೊಳೆದದ್ದು ಆಗ. ಎಂಥ ಪೆದ್ದರು ನಾವು, ಎಳ್ಳೆಣ್ಣೆ ತಿಕ್ಕಿಸಿದೆವು.

ಆ ಸಂಜೆ ಕ್ಯಾಂಪಿನ ಹಿಂದೆ ಬಟ್ಟೆ ಒಣಹಾಕುವಲ್ಲಿ ಅವರನ್ನು ಹಿಡಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಎಡಗಣ್ಣು ಕಾಣುತ್ತದಾ ಎಂದು ಕೇಳಿದೆ. ಅವರು ಬನಿಯನ್ನನ್ನು ಹಿಂಡುತ್ತಾ ಎಲ್ಲವನ್ನೂ ಹೇಳಿದರು. ಎಡಗಣ್ಣು ಹೋಗಿ ವರ್ಷ ಕಳೆದಿತ್ತು. ಬಲಗಣ್ಣಿಗೂ ಕತ್ತಲಾದ ಮೇಲೆ ಮಸುಕು. ವರ್ಷಕ್ಕೊಮ್ಮೆ ಕಂಪೆನಿ ಮಾಡಿಸುವ ಕಣ್ಣಿನ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಎಡಗಣ್ಣಿಗೂ ಅದನ್ನೇ ಒಪ್ಪಿಸಿದ್ದರು. ಇಲ್ಲಿ ಉಳಿಯಲು ಕೊಡುವ ಇಕಾಮಾ ಪರವಾನಗಿ ಮುಗಿಯುವವರೆಗೆ, ಮಗಳ ನರ್ಸಿಂಗ್ ಮುಗಿಯುವವರೆಗೆ ಹೀಗೇ ತಳ್ಳಿದರೆ ಸಾಕೆಂದಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಇವತ್ತು ಒಬ್ಬ ಸಾಯುತ್ತಿದ್ದ ಎಂದೆ.

"ಮೇಲೆ ನೀನಿದ್ದೀಯಲ್ಲ ಮಾರಾಯ," ಎಂದರು ಅಣ್ಣ. "ನನಗೆ ತಪ್ಪಿದ್ರೂ ನಿನಗೆ ಕಾಣ್ತದಲ್ಲ ಅಂತ ಧೈರ್ಯ."

"ನನಗೆ ಕಾಣುದಿಲ್ಲ ಅಂತಲೇ ಅಲ್ವಾ ಅಣ್ಣ, ನಿಮ್ಮನ್ನು ಅಲ್ಲಿ ನಿಲ್ಲಿಸುದು?"

ಅವರು ಬನಿಯನ್ನನ್ನು ತಂತಿಗೆ ಹಾಕಿದರು, ಅದು ಜಾರಿ ಕೆಳಗೆ ಬಿತ್ತು. ನಾನೇ ಎತ್ತಿ ಹಾಕಿದೆ. ಫೋರ್ಮನ್ನಿಗೆ ನೀವೇ ಹೇಳಿ, ಗೋಡೌನಿನಲ್ಲಿಯೋ ಕ್ಯಾಂಟೀನಿನಲ್ಲಿಯೋ ಏನಾದರೂ ಕೆಲಸ ಕೇಳೋಣ, ನಾನೂ ಬರುತ್ತೇನೆ ಎಂದೆ. ಕಣ್ಣು ಹೋದವನಿಗೆ ಇಲ್ಲಿ ಯಾರೂ ಕುರ್ಚಿ ಹಾಕಿ ಕೂರಿಸುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಫೈನಲ್ ಒಂದು ಆಗಿಬಿಡಲಿ, ಶನಿವಾರ ಬೆಳಿಗ್ಗೆ ನಾನೇ ಹೇಳುತ್ತೇನೆ ಎಂದರು. ಒಪ್ಪಿದೆ. ಗುರುವಾರ ಹೈಡ್ರಾಲಿಕ್ ಎಣ್ಣೆ ಸೋರುತ್ತಿದೆ ಎಂದು ಸುಳ್ಳು ಹೇಳಿ ಇಡೀ ದಿನ ಕ್ರೇನ್ ಓಡಿಸಲಿಲ್ಲ.

ಶುಕ್ರವಾರದ ಫೈನಲಿನಲ್ಲಿ ಬಿಸಿಲಿರುವವರೆಗೆ ನಮ್ಮನ್ನು ಹಿಡಿಯುವವರಿರಲಿಲ್ಲ. ಕೂಗು ಹಾಕುತ್ತಾ ಮೂರೂ ಕಡೆಯಿಂದ ಹೊಡೆದೆವು. ಅಣ್ಣ ಕೊಟ್ಟ ಒಂದೊಂದು ಚೆಂಡೂ ಹಣ್ಣಿನ ಹಾಗೆ ಕೈಗೆ ಬಂತು. ಮೊದಲ ಸೆಟ್ ಗೆದ್ದಾಗ ಲ್ಯಾಬಿನವನು ಅವರನ್ನು ಎತ್ತಿ ಕುಣಿಸಿದ. ಇವರೊಡನೆ ಇದು ಕೊನೆಯ ಆಟವೆಂದು ಅಲ್ಲಿ ನನಗೊಬ್ಬನಿಗೇ ತಿಳಿದಿತ್ತು. ಎರಡನೆಯ ಸೆಟ್ಟಿನ ನಡುವೆ ದೀಪ ಹತ್ತಿಸಿದರು. ಅಲ್ಲಿಂದ ಎಲ್ಲ ಹಾಳಾಯಿತು. ಒಂದು ಪಾಸ್ ಅವರ ಕಿವಿಗೇ ಬಡಿಯಿತು, ನೋಡುವವರು ನಕ್ಕರು. ಬದಲಿಗೆ ಬಂದ ಕ್ಯಾಶಿಯರ್ ನನ್ನ ಗದರಿಕೆಗೆ ಹೆದರಿ ಎಲ್ಲ ಚೆಂಡನ್ನೂ ನನಗೇ ಕೊಟ್ಟ. ಅದು ಎದುರಿನವರಿಗೆ ಎರಡು ಸಲದಲ್ಲಿ ಅರ್ಥವಾಯಿತು. ಸೋತೆವು. ಹೊಡೆಯುವವರು ಮೂವರಿದ್ದೂ ಸೋತೆವು.

ಕ್ಯಾಂಪಿಗೆ ಬರುವಾಗ ವ್ಯಾನಿನಲ್ಲಿ ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದರು. ನಾಳೆ ಎಂದೆ. ಹೂಂ ಎಂದರು.

ಶನಿವಾರ ಬೆಳಿಗ್ಗೆ ನಾನು ಕ್ಯಾಬಿನ್ ಹತ್ತಿ ಕೂತೆ. ಅವರು ಆಫೀಸಿನ ಕಡೆ ಹೋಗುತ್ತಾರೆಂದು ನೋಡುತ್ತಲೇ ಇದ್ದೆ. ಹೋಗಲಿಲ್ಲ. ಹಳದಿ ಜಾಕೆಟ್ ಹಾಕಿಕೊಂಡು ನೆಟ್ಟಗೆ ಕಂಟೇನರಿನ ಮೂಲೆಗೆ ಬಂದು ನಿಂತರು. ಹುಕ್ಕಿಗೆ ಪೈಪು ಕಟ್ಟಿ ಆಗಿತ್ತು. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕೈ ಎತ್ತಿ, ಎತ್ತು ಎಂದು ಸಿಗ್ನಲ್ ಕೊಟ್ಟರು.

ನಾನು ಎತ್ತಲಿಲ್ಲ. ಅವರು ಮತ್ತೆ ಕೈಯಾಡಿಸಿದರು. ಫೋರ್ಮನ್ ಯಲ್ಲಾ, ಯಲ್ಲಾ ಎಂದು ಅವಸರಪಡಿಸುತ್ತಾ ಕೂಗತೊಡಗಿದ. ಮೂಲೆಯ ಆಚೆ ಯಾರಿದ್ದರೋ, ನನಗೆ ಕಾಣುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿ ಇಳಿದೆ. ಅಣ್ಣನ ಮುಂದೆ ಹೋಗಿ ನಿಂತು, ಈಗಲಾದರೂ ಹೇಳಿ ಎಂದೆ. ಅವರು ನನ್ನನ್ನು ದಾಟಿ ಪೈಪಿನ ಕಡೆಗೇ ನೋಡುತ್ತಿದ್ದರು. ಫೋರ್ಮನ್ನಿನೊಡನೆ ಆಡಲು ನನಗಿದ್ದದ್ದು ಎಲ್ಲರೂ ಆಡುವ ಆ ಹಿಂದಿ-ಅರಬಿಯ ಹರಕುಮುರುಕು ಭಾಷೆ ಮಾತ್ರ. ಮೆತ್ತಗೆ ಹೇಳಲು ಅದರಲ್ಲಿ ಮಾತೇ ಇಲ್ಲ.

"ಇಸ್ಕಾ ಆಂಖ್ ಖಲಾಸ್," ಎಂದೆ. ಇವನ ಕಣ್ಣು ಮುಗಿಯಿತು ಎಂದು.

ಯಾರ್ಡಿಗೆ ಯಾರ್ಡೇ ಅಣ್ಣನ ಮುಖ ನೋಡಿತು. ಅವರು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಆಫೀಸಿನ ಕಡೆ ನಡೆದರು. ಈ ಸಲ ಡಾಕ್ಟರು ಗೋಡೆಯ ಅಕ್ಷರ ಓದಿಸಲಿಲ್ಲವಂತೆ, ಒಂದು ಕಣ್ಣು ಮುಚ್ಚಿಸಿ ಬೆರಳು ತೋರಿಸಿದರಂತೆ. ಎಡಗಣ್ಣಿಗೆ ಇನ್ನು ಮದ್ದಿಲ್ಲ ಎಂದರಂತೆ. ಕಂಪೆನಿ ಕೊಡಬೇಕಾದ್ದನ್ನು ಕೊಟ್ಟು ವೀಸಾ ಕ್ಯಾನ್ಸಲ್ ಮಾಡಿತು. ಬೇರೆ ಕೆಲಸಕ್ಕೆಂದು ನಾನು ಎರಡು ಸಲ ಆಫೀಸಿಗೆ ಹೋಗಿ ಬೈಸಿಕೊಂಡು ಬಂದೆ.

ಟೀಮಿನವರು ನನ್ನನ್ನು ಬಿಡಲಿಲ್ಲ. ತನ್ನ ಕಿವಿಗೆ ಮೊದಲೇ ಹಾಕಿದ್ದರೆ ಗುಟ್ಟಾಗಿ ಒಳ್ಳೆಯ ಡಾಕ್ಟರಿಗೆ ತೋರಿಸುತ್ತಿದ್ದೆ ಎಂದು ಲ್ಯಾಬಿನವನು ಹಾರಾಡಿದ. ಕ್ಯಾಶಿಯರ್ ಕೂಡ, ಅಂಥ ಹೆದರುಪುಕ್ಕಲ, ಎಲ್ಲರೆದುರು ಹೇಳಬಾರದಿತ್ತು ಎಂದ. ಬ್ಯಾರಿ ಗೆಳೆಯ ಮಾತು ಬಿಟ್ಟ. ಬಿಡುವ ಮೊದಲು, ಅನ್ನ ಹಾಕಿದವರ ಹೊಟ್ಟೆ ಮೇಲೆಯೇ ಹೊಡೆದೆಯಲ್ಲ ಎಂದ. ಆ ನೇಪಾಳಿಗೂ ಹೊಟ್ಟೆ ಇರಲಿಲ್ಲವಾ ಎಂದು ಕೇಳಿದೆ. ಅವನು ಎದ್ದು ಹೋದ. ಇವತ್ತಿಗೂ ನಾನು ಮಾಡಿದ್ದು ತಪ್ಪೆಂದು ನನಗೆ ಅನಿಸಿಲ್ಲ. ಅನಿಸಿದ್ದಿದ್ದರೆ ಹೋಗಿ ಕಾಲು ಹಿಡಿದು ಹಗುರವಾಗುತ್ತಿದ್ದೆ. ಈಗ ಅದಕ್ಕೂ ದಾರಿಯಿಲ್ಲ.

ಅವರು ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ಬ್ಯಾರಿ ಗೆಳೆಯನೇ ವ್ಯಾನ್ ತಂದಿದ್ದ. ಪೆಟ್ಟಿಗೆಗಳನ್ನು ನಾನು ಹೊತ್ತು ಹಿಂದೆ ಇಟ್ಟೆ, ಯಾರೂ ಬೇಡವೆನ್ನಲಿಲ್ಲ. ಅಣ್ಣ ಒಬ್ಬೊಬ್ಬರ ಬಳಿಯೂ ಮಾತಾಡುತ್ತಾ ಬಂದರು. ಕ್ಯಾಶಿಯರನ ಎರಡೂ ಕೈ ಹಿಡಿದುಕೊಂಡು, ಕೂಗುವವರಿಗೆ ಹೆದರಬೇಡ, ನಿನಗೆ ಸರಿ ಕಂಡವರಿಗೆ ಕೊಡು ಎಂದರು. ನಾನು ವ್ಯಾನಿನ ಬಾಗಿಲ ಹತ್ತಿರ ಬೇಕೆಂದೇ ಅವರ ಬಲಗಡೆಗೆ ಬಂದು ನಿಂತೆ, ಕಾಣಲಿ ಎಂದು. ಕೈ ಮುಂದೆ ಚಾಚಿದೆ. ಮಧ್ಯಾಹ್ನದ ಬಿಸಿಲು, ಬೆಳಕಿಗೇನೂ ಕಡಿಮೆಯಿರಲಿಲ್ಲ.

ಅವರಿಗೆ ಕೈ ಕಂಡಿತು. ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಬಾಗಿಲಿನ ಕಂಬಿಯನ್ನು ತಡವಿ ಹಿಡಿದು, ವ್ಯಾನ್ ಹತ್ತಿ ಕೂತರು.