ಹುರುಳಿ ಬೇಯುವಷ್ಟು ದೂರದ ಮದರಾಸು

ನಡುಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದೆ. ಶ್ರೀನಿವಾಸಪುರದ ಕಡೆಯಿಂದ ಬಂದ ಗಾಡಿಯವನು ಬಾಗಿಲಲ್ಲೇ ನಿಂತು, "ವೆಂಕಟಮ್ಮೋರು ನಿನ್ನೆ ಸಾಯಂಕಾಲ ಹೋಗ್ಬಿಟ್ರಮ್ಮ" ಎಂದ. ನರಳಲಿಲ್ಲವಂತೆ, ಮಗಳ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದರಂತೆ. ಅಷ್ಟಕ್ಕೇ ದೇವರಿಗೆ ಕೈಮುಗಿದೆ.

ಯುದ್ಧದ ಕಾಲದಲ್ಲಿ ಮುಳಬಾಗಿಲಿನಲ್ಲಿ ವೆಂಕಟಕ್ಕನ ಮನೆಗೂ ನಮ್ಮ ಮನೆಗೂ ಒಂದೇ ಅಂಗಳ. ಕೂತಲ್ಲಿ ಕೂರದ ಜೀವ ಅದು. ಮೋಡದ ಮರೆಯಲ್ಲಿ ವಿಮಾನ ಗುರ್ ಎಂದರೆ ಸಾಕು, ಓಡಿಬಂದು ನನ್ನ ಕೈಯಿಂದ ಪೊರಕೆ ಕಿತ್ತುಕೊಳ್ಳುತ್ತಿದ್ದರು.

"ಇಡೇ ಕೆಳಗೆ ಕಮಲಾ! ನನ್ ಮಗ ಮೇಲಿದಾನೆ!"

ಮಗ ಸುಬ್ಬು ಬೆಂಗಳೂರಿನ ಏರೋಡ್ರೋಮಿನಲ್ಲಿ ಇಂಜಿನ್ ರಿಪೇರಿಗಿದ್ದ. ಆಗಾಗ ವಿಮಾನದಲ್ಲೇ ಮದರಾಸಿಗೆ ಹೋಗಿಬರುತ್ತಿದ್ದ. ಪ್ರಯಾಣ ಹೊರಟವರು ಊರು ತಲುಪುವ ತನಕ ಮನೆ ಗುಡಿಸಬಾರದೆಂಬುದು ನಮ್ಮೆಲ್ಲರಲ್ಲೂ ಇದ್ದ ಪದ್ಧತಿಯೇ. ವೆಂಕಟಕ್ಕ ಅದನ್ನು ಆಕಾಶಕ್ಕೂ ಹಚ್ಚಿದರು. ಬೆಳಿಗ್ಗೆ ವಿಮಾನ ದಾಟಿದರೆ ಹೊತ್ತು ಮುಳುಗುವವರೆಗೆ ಅಂಗಳದಲ್ಲಿ ಕಸ ಹಾಗೇ.

ರಜಕ್ಕೆ ಬಂದ ಸುಬ್ಬು ಕಸ ನೋಡಿ ನಕ್ಕ. "ಅಮ್ಮಾ, ಬೆಂಗಳೂರಲ್ಲಿ ಮೇಲೆದ್ರೆ ಮದರಾಸಲ್ಲಿ ಇಳಿಯೋಕೆ ಒಂದೂವರೆ ಗಂಟೆ. ನೀನು ಹುರುಳಿ ಬೇಯಿಸೋಷ್ಟು ಹೊತ್ತು."

"ಹೋಗೋ! ಗಾಡಿ ಕಟ್ಕೊಂಡು ಕೋಲಾರಕ್ಕೆ ಹೋದ್ರೇ ಹೊತ್ತು ಮುಳುಗುತ್ತೆ, ಒಲೆ ಮೇಲಿನ ಹುರುಳಿ ಬೇಯೋದ್ರೊಳಗೆ ಮದರಾಸಾ?"

ಆದರೂ ಅಂದಿನಿಂದ ಸದ್ದು ಕೇಳಿದೊಡನೆ ಹುರುಳಿ ಒಲೆಗೇರಿತು. ನಮ್ಮೂರ ಮೇಲೆ ಬರುವಷ್ಟರಲ್ಲೇ ಒಂದಷ್ಟು ದಾರಿ ಸವೆದಿರುತ್ತಲ್ಲ ಅಕ್ಕ ಎಂದು ನಾನು ಕೇಳಿದರೆ, "ಇಳಿಯೋಕೂ ಹೊತ್ತು ಬೇಡ್ವೇನೇ?" ಎನ್ನುತ್ತಿದ್ದರು. ಬೇಯುವ ತನಕ ಒಳಗೂ ಹೊರಗೂ ಓಡಾಟ, ಆಂಜನೇಯಸ್ವಾಮಿಗೆ ತಾಕೀತು: "ಹಾರೋದು ನಿಂಗೇ ಗೊತ್ತಪ್ಪ, ಇಳಿಸೋದೂ ನೀನೇ ನೋಡ್ಕೋ." ಆ ದಿನಗಳಲ್ಲಿ ನಮ್ಮೆರಡು ಮನೆಗೂ ಹುರುಳಿ ಸಾರಿಗೆ ಬರವಿರಲಿಲ್ಲ.

ಒಂದು ಮಬ್ಬು ದಿನ ಹುರುಳಿ ಇನ್ನೂ ಗಟ್ಟಿ ಇರುವಾಗಲೇ ಸದ್ದು ತಿರುಗಿ ಪಡುವಣಕ್ಕೆ ಹೋಯಿತು. "ಅಯ್ಯೋ ದೇವುಡಾ, ತಲುಪಲಿಲ್ಲ ಕಣೇ!" ವೆಂಕಟಕ್ಕ ಅನ್ನ ಬಿಟ್ಟರು. ಮೂರನೆಯ ದಿನ ಸುಬ್ಬುವೇ ಬಾಗಿಲಲ್ಲಿ ನಿಂತಿದ್ದ.

"ನಾನು ಅದರಲ್ಲಿ ಇರಲೇ ಇಲ್ಲ ಕಣಮ್ಮ. ಬೆಂಗಳೂರಲ್ಲೇ ನಟ್ಟು ಬಿಗೀತಿದ್ದೆ. ಮೋಡ ಅಂತ ಅವರು ವಾಪಸ್ ಬಂದ್ರು, ಅಷ್ಟೇ. ಹತ್ತು ಸಲ ಅದು ಹೋದ್ರೆ ಒಂದ್ಸಲ ಹೋಗೋದು ನಾನು."

ನನಗೆ ನಗು ತಡೆಯಲಾಗಲಿಲ್ಲ. "ಇಷ್ಟು ದಿನದ ಹುರುಳಿ ಎಲ್ಲಾ ದಂಡ ಆಯ್ತಲ್ಲಕ್ಕಾ!"

ಅಷ್ಟರಲ್ಲಿ ಮೇಲೆ ಗುರ್ ಎಂದಿತು. ಮಗ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದಾನೆ. ವೆಂಕಟಕ್ಕ ಎದ್ದು ಹುರುಳಿ ತೊಳೆದರು.

"ಸುಬ್ಬು ಇಲ್ಲೇ ಇದಾನಲ್ಲಕ್ಕಾ?"

"ಅದರಲ್ಲಿ ಯಾರ ಮಗನೂ ಇಲ್ವೇನೇ?"

ಗಾಡಿಯವನು ಮಜ್ಜಿಗೆ ಕುಡಿದು ಹೋದ. ಅವರೆ ಸಿಪ್ಪೆ ನೆಲದ ತುಂಬ ಚೆಲ್ಲಿತ್ತು. ಗುಡಿಸೋಣವೆಂದು ಪೊರಕೆ ಹಿಡಿದವಳು ನಿಂತೆ. ಆಕಾಶದಲ್ಲಿ ಸದ್ದೇನೂ ಇರಲಿಲ್ಲ. ವೆಂಕಟಕ್ಕ ಹೊರಟ ದಾರಿ ಎಷ್ಟು ಹೊತ್ತಿನದೋ, ಯಾರನ್ನು ಕೇಳಲಿ? ಪೊರಕೆಯನ್ನು ಮೂಲೆಗಿಟ್ಟು, ಡಬ್ಬಿಯಿಂದ ಎರಡು ಹಿಡಿ ಹುರುಳಿ ತೆಗೆದು ಒಲೆ ಹಚ್ಚಿದೆ.