ಹಾಲೇಶಣ್ಣನ ಕಪ್ಪು ಬಣ್ಣ

ನಮ್ಮ ತರೀಕೆರೆಯ ಬೈಕ್ ಮೆಕ್ಯಾನಿಕ್ ಹಾಲೇಶಣ್ಣ ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಕೂಡಲೇ ರಿಪೇರಿಗೆ ಬಂದ ಎಂಜಿನ್‌ಗಳ ಬಣ್ಣ ನೋಡುತ್ತಾನೆ. ಒಂದು ದಿನವೂ ತಪ್ಪಿಸಿದವನಲ್ಲ. ಬೆಳ್ಳಿ ಬಣ್ಣ ಕಂಡರೆ, "ಮದುವೆ ಹೆಣ್ಣೇನೋ ಇದು? ಕಪ್ಪಿದ್ರೆ ಬೇಗ ತಣೀತೈತೆ ಕಣೋ" ಎಂದು ಗಿರಾಕಿಯನ್ನು ಬೈದು, ಅದನ್ನು ಉಜ್ಜಿ ತೆಗೆದು ತೆಳ್ಳಗೆ ಕಪ್ಪು ಬಳಿಯುತ್ತಾನೆ. ಟೀ ಕೆಟಲ್ ಮಾತ್ರ ಬಿಸಿ ಉಳಿಯಲೆಂದು ಫಳಫಳ ಬೆಳಗಿ ಇಡುತ್ತಾನೆ. ಹಿಂದೊಮ್ಮೆ ತಮ್ಮನ ಬೈಕಿನ ಎಂಜಿನ್ನಿಗೆ ಬೆಳ್ಳಿ ಬಣ್ಣ ಬಳಿದವನು ಇವನೇ. ಕೆಮ್ಮಣ್ಣುಗುಂಡಿಯ ಏರಿನಲ್ಲಿ ಎಂಜಿನ್ ಕಾದು ಜಾಮ್ ಆಗಿ, ತಮ್ಮ ಬಿದ್ದು ತೀರಿಕೊಂಡ. ಮೊನ್ನೆ ಪಾಲಿಟೆಕ್ನಿಕ್ ಮೇಷ್ಟ್ರು ರೇಣುಕಪ್ರಸಾದ್, "ತಂಪು ಮಾಡೋದು ಗಾಳಿ ಕಣಯ್ಯ, ಬಣ್ಣದ್ದು ಅಲ್ಪಸ್ವಲ್ಪ. ಕಾಲೇಜಿಗೆ ಬಾ, ಅಳೆದು ತೋರಿಸ್ತೀನಿ, ನಿನ್ನ ತಪ್ಪಲ್ಲ" ಎಂದರು. "ಬ್ಯಾಡಿ ಮೇಷ್ಟ್ರೇ," ಎಂದ ಹಾಲೇಶಣ್ಣ, "ನನ್ ತಪ್ಪಲ್ಲ ಅಂತಾದ್ರೆ ಅವನಿಗೋಸ್ಕರ ಮಾಡೋಕೆ ನಂಗಿನ್ನೇನೂ ಉಳಿಯಲ್ಲ."