ತಾಯಿಯ ಮಣ್ಣಿಗೂ ಬರಬೇಡಿ ಎಂದೆ

ಇಮಾಮಸಾಬ, ಇಲ್ಲದ ಕಾಯ್ದೆಯನ್ನು ಇದೆ ಎಂದು ಹೇಳಿ ನಿಮ್ಮನ್ನು ಊರು ಬಿಡಿಸಿದವನು ನಾನು. ತಾಲೂಕಿನ ಅಧಿಕಾರಿ ಮಾಮಲೇದಾರರಲ್ಲ — ನಿಮ್ಮ ವಕೀಲ. ನೀವೀಗ ಇಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ. ಬೇರೆಯವರಿಗೆ ಬರೆದರೆ ಅದರಲ್ಲಿ ನನ್ನದೇ ವಕಾಲತ್ತು ಸೇರಿಕೊಳ್ಳುತ್ತದೆ.

ಬೆಲ್ಲದ ಬಾಗೇವಾಡಿಯಲ್ಲಿ ನೀವು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದಿರಿ. ಮಾಮಲೇದಾರರ ಮಗಳ ಮದುವೆಗೆ ಗಾದಿ ಮಾಡಿಕೊಡಲು ಕೂಲಿಯಿಲ್ಲದೆ ಬಿಟ್ಟಿ ದುಡಿಮೆಗೆ ಕರೆದರು, ನೀವು ಹೋಗಲಿಲ್ಲ. ನಿಮ್ಮನ್ನು ನೋಡಿ ಬಡಿಗರೂ ಕೈಕಟ್ಟಿ ಕೂತರು. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಹುಕ್ಕೇರಿ ಕಚೇರಿಗೆ ಕರೆ ಬಂತು, ನೀವು ನನ್ನನ್ನು ಜೊತೆಗೆ ಕರೆದೊಯ್ದಿರಿ.

“ಹುಟ್ಟಿದ್ದೆಲ್ಲಿ?” ಎಂದರು ಸಾಹೇಬರು.

“ನಮ್ಮವ್ವನ ತವರಮನ್ಯಾಗ್ರಿ. ಗಡಿ ಆಚಿ ಸಂಸ್ಥಾನದಾಗ.”

ಎಷ್ಟು ಖುಷಿಯಿಂದ ಹೇಳಿದಿರಿ! ಚೊಚ್ಚಲ ಹೆರಿಗೆ ತವರಲ್ಲಿ — ನಮ್ಮ ಕಡೆ ಯಾರ ಮನೆಯಲ್ಲಿ ಹಾಗಲ್ಲ? ನಾನೂ ಅಜ್ಜಿಯ ಮನೆಯಲ್ಲೇ ಹುಟ್ಟಿದವನು. ನನ್ನ ಅಜ್ಜಿಯ ಊರು ಅಂಕಲಗಿ, ಗಡಿಯ ಈಚೆ, ಇಂಗ್ಲಿಷರ ಸೀಮೆಯೊಳಗೆ. ನಿಮಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ.

“ಹಂಗಾದ್ರ ನೀ ಪರದೇಶದವ. ನಾಳೆ ಸಂಜಿಯೊಳಗ ತಾಲೂಕು ಬಿಡು.”

ನೀವು ನನ್ನ ಕಡೆ ತಿರುಗಿದಿರಿ. “ವಕೀಲ್ರ, ಇದು ಖರೇನ ಕಾಯ್ದೆ ಏನ್ರಿ?”

ಅಲ್ಲ. ಅಂಥ ಹುಕುಂ ಮುಂಬೈ ಸರ್ಕಾರವೇ ಬರೆದುಕೊಡಬೇಕು. ಮಾಮಲೇದಾರರ ಬಾಯಿಮಾತಿಗೆ ಆ ಅಧಿಕಾರವಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಸರ್ಕಾರಿ ವಕೀಲನ ಕೆಲಸಕ್ಕೆ ನನ್ನ ಹೆಸರು ಹೋಗುವುದಿತ್ತು, ಅದಕ್ಕೆ ಈ ಸಾಹೇಬರ ಶಿಫಾರಸು —

“ಹೌದು, ಕಾಯ್ದೆ ಐತ್ರಿ. ಹೋಗಿಬಿಡ್ರಿ,” ಎಂದೆ.

ಮರುದಿನ ನೀವು ಹೆಂಡತಿಯೊಡನೆ ಚಕ್ಕಡಿಯಲ್ಲಿ ಗಡಿಯ ಕಣಗಲಾ ದಾಟಿ ಹೋದಿರಂತೆ. ನಿಮ್ಮ ತಾಯಿ ಮನೆ ಬಿಟ್ಟು ಏಳಲಿಲ್ಲ. ನನಗೆ ಆ ಸರ್ಕಾರಿ ಕೆಲಸ ಸಿಕ್ಕಿತು. ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ.

ಮುಂದೆ ತಾಯಿ ತೀರಿಕೊಂಡ ದಿನ ನೀವು ಗಡಿಯವರೆಗೆ ಬಂದು ನಿಂತು, ನೆರೆಮನೆಯವನ ಕೈಯಲ್ಲಿ ನನಗೆ ಹೇಳಿಕಳಿಸಿದಿರಿ: “ಅವ್ವನ ಮಣ್ಣಿಗೆ ಬರ್ಲೇನ್ರಿ?” ಆ ಮಾಮಲೇದಾರರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ನಿಮ್ಮನ್ನು ಹಿಡಿಯುವವರು ಒಬ್ಬರೂ ಇರಲಿಲ್ಲ. ನನ್ನ ಹೆದರಿಕೆಯೇ ಅದು — ನೀವು ಬಂದು, ಯಾರೂ ಹಿಡಿಯದೆ ಹೋದರೆ, ನನ್ನ ಸುಳ್ಳು ಊರಿಗೆಲ್ಲ ತಿಳಿಯುತ್ತಿತ್ತು.

“ಬ್ಯಾಡಂತ ಹೇಳು. ಹಿಡೀತಾರ,” ಎಂದೆ.

ಮಣ್ಣು ಮುಗಿಯುವವರೆಗೂ ನೀವು ಅಲ್ಲೇ ನಿಂತಿದ್ದಿರಂತೆ. ನಾನು ಅಂದು ಊಟ ಮಾಡಿದೆ. ನಿದ್ದೆಯೂ ಬಂತು. ನನ್ನ ಬಗ್ಗೆ ಇದಕ್ಕಿಂತ ಕೆಟ್ಟದ್ದನ್ನು ನಾನು ಹೇಳಲಾರೆ.

ಮೊನ್ನೆ ಕಣಗಲಾದ ಸಂತೆಯಲ್ಲಿ ನಿಮ್ಮ ಹೆಂಡತಿ ಸಿಕ್ಕರು. ಸೆರಗು ಸರಿಮಾಡಿಕೊಂಡು ಕೈಮುಗಿದರು. “ಅವತ್ತು ನೀವು ಬ್ಯಾಡ ಅಂದಿದ್ದಕ್ಕ ಇವ್ರು ಜೇಲಿಗೆ ಹೋಗೂದು ತಪ್ಪಿತ್ರಿ. ಸಾಯೂತನಾ ನಿಮ್ಮ ಉಪಕಾರ ನೆನಸ್ತಿದ್ರು.”

ನಾನೂ ಕೈಮುಗಿದೆ, ಇಮಾಮಸಾಬ. ಆ ಉಪಕಾರವನ್ನೂ ಇಟ್ಟುಕೊಂಡು ಮನೆಗೆ ಬಂದೆ.

ನಾಳೆ ಅವರಲ್ಲಿಗೆ ಹೋಗುತ್ತೇನೆ. ಕಾಯ್ದೆ ಇರಲಿಲ್ಲ, ಅಂದು ನೀವು ಮಣ್ಣಿಗೆ ಬರಬಹುದಿತ್ತು ಎಂದು ಹೇಳುತ್ತೇನೆ. ಒಳಗೆ ಬನ್ನಿ ಎಂದು ಕರೆದರೆ, ಒಳಗೆ ಕಾಲಿಡುವ ಮೊದಲೇ ಹೇಳುತ್ತೇನೆ.